ನರ್ಸಮ್ಮನ ಐದು ಗಂಟೆಯ ಪುಟ

ಸಂಜೆ ನಾಲ್ಕೂವರೆ ದಾಟಿದ ಮೇಲೆ ನರ್ಸಮ್ಮನ ಕಣ್ಣಿಗೆ ಬೀಳಲು ನಮ್ಮ ಬೀದಿಯಲ್ಲಿ ಎಲ್ಲರೂ ಹೆದರುತ್ತಿದ್ದರು. ಐದು ಗಂಟೆಗೆ ಸರಿಯಾಗಿ ಅವರು ನೋಟ್‌ಬುಕ್ ತೆಗೆದು ಒಂದು ಪುಟ ಬರೆಯಬೇಕು. ಬೆಳಗ್ಗೆ ಎದ್ದಾಗ ತಮಗೆ ಗೊತ್ತಿರದಿದ್ದ ಒಂದು ಸಂಗತಿಯಾದರೂ ಆ ಪುಟದಲ್ಲಿ ಇರಬೇಕು. ಇದು ಅವರು ತಮಗೆ ತಾವೇ ಹಾಕಿಕೊಂಡಿದ್ದ ಕಟ್ಟಳೆ. ನಾಲ್ಕೂವರೆಯಾದರೂ ಏನೂ ಸಿಕ್ಕಿಲ್ಲ ಎಂದರೆ ಗೇಟಿಗೆ ಆತುಕೊಂಡು ನಿಂತು, ಬಂದವರನ್ನೆಲ್ಲ ಹಿಡಿದು ನಿಲ್ಲಿಸುತ್ತಿದ್ದರು. ಸೊಪ್ಪಿನವಳಾಗಲಿ, ಸಿಲಿಂಡರಿನವನಾಗಲಿ, ಏಳು ಪೀರಿಯಡ್ ಕಿರುಚಿ ಗಂಟಲು ಕಟ್ಟಿಸಿಕೊಂಡು ಸ್ಕೂಲಿನಿಂದ ಬರುತ್ತಿದ್ದ ಗಣಿತದ ಟೀಚರ್ ನಾನಾಗಲಿ, ಯಾರಿಗೂ ವಿನಾಯಿತಿ ಇರಲಿಲ್ಲ. ಇವತ್ತು ಹೊಸದೇನು ಎಂದು ಕೇಳುವರು. ಏನಿಲ್ಲ ನರ್ಸಮ್ಮ ಎಂದರೆ, ಏನೂ ಇಲ್ಲದೆ ಇಡೀ ದಿನ ಹೇಗೆ ಕಳೆದೆ ಎಂದು ನಿಜವಾಗಿಯೂ ಆಶ್ಚರ್ಯಪಡುವರು.

ಅವರಿಗೆ ಹೆತ್ತವರು ಇಟ್ಟ ಒಳ್ಳೆಯ ಹೆಸರೇ ಇತ್ತು. ಆದರೆ ಹಾಸನದ ನಮ್ಮ ಬೀದಿಗೆ, ಅದಕ್ಕೂ ಮುಂಚೆ ಹೊಳೆನರಸೀಪುರಕ್ಕೆ, ಅವರು ಬರೀ ನರ್ಸಮ್ಮ. ಚನ್ನರಾಯಪಟ್ಟಣದ ಕಡೆಯ ಒಕ್ಕಲು ಮನೆಯ ಹೆಣ್ಣು. ಹೊಳೆನರಸೀಪುರದ ಒಂದು ಚಿಕ್ಕ ಖಾಸಗಿ ಹೆರಿಗೆ ಮನೆಯಲ್ಲಿ ಮೂವತ್ತು ವರ್ಷ ದುಡಿದು, ಅದು ಮುಚ್ಚಿದ ಮೇಲೆ ಹಾಸನಕ್ಕೆ ಬಂದು ನಮ್ಮ ಎದುರಿನ ಎರಡು ಕೋಣೆಯ ಮನೆ ಸೇರಿದವರು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ, ಊರಿನವರ ಹೆರಿಗೆಗಳ ಮಧ್ಯೆ ಬಿಡುವಾಗಲಿಲ್ಲ ಎಂದು ಮಾತು ಮುಗಿಸುತ್ತಿದ್ದರು.

ಬರೆಯುವ ಚಾಳಿ ಹತ್ತಿದ್ದು ಕೆಲಸ ಬಿಟ್ಟ ಮಾರನೆಯ ದಿನವೇ. ಸಂಜೆ ಐದು ಎಂದರೆ ಅಷ್ಟು ವರ್ಷವೂ ಕೇಸ್ ಶೀಟು ತುಂಬುತ್ತಿದ್ದ ಹೊತ್ತು. ಆ ಹೊತ್ತಿಗೆ ಕೈ ಸುಮ್ಮನೆ ಇರಲಿಲ್ಲವಂತೆ. ಬರೆಯಲು ರೋಗಿ ಇಲ್ಲದ್ದರಿಂದ ತಮ್ಮದೇ ನಾಡಿ, ತಮ್ಮದೇ ಜ್ವರ ನೋಡಿ ಬರೆದುಕೊಂಡರು. ಮೂರೇ ದಿನಕ್ಕೆ ಬೇಜಾರಾಯಿತು. “ನನ್ನ ನಾಡಿ ದಿನಾ ಎಪ್ಪತ್ತೆರಡೇ ಕಣವ್ವ. ಅದುನ್ನೇ ಎಷ್ಟು ದಿನ ಅಂತ ಬರಿಯಾನ? ಅದುಕ್ಕೆ ಊರಿನ ನಾಡಿ ನೋಡಕ್ಕೆ ಸುರು ಮಾಡ್ದೆ” ಎಂದು ಅವರೇ ನನಗೆ ಹೇಳಿದ್ದು.

ಊರಿನ ನಾಡಿ ನೋಡುವುದೆಂದರೆ ಸುಮ್ಮನೆ ಮಾತಲ್ಲ. ಒಮ್ಮೆ ಚನ್ನರಾಯಪಟ್ಟಣಕ್ಕೆ ಅಣ್ಣನ ಮನೆಗೆ ಹೋದವರು ತೆಂಗಿನಕಾಯಿ ಮಂಡಿಯೊಂದಕ್ಕೆ ನುಗ್ಗಿ, ಒಡೆಯದೆಯೇ ಒಳಗೆ ಕೊಬ್ಬರಿ ಕಟ್ಟಿದೆಯೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು. ಮಂಡಿಯವನು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದ. ಇವರು ರಾಶಿಯ ಪಕ್ಕ ಕುಳಿತು ಅರ್ಧ ಗಂಟೆ ಒಂದೊಂದನ್ನೇ ಅಲ್ಲಾಡಿಸಿದರು. ಅವತ್ತಿನ ಪುಟವನ್ನು ನನಗೆ ಓದಿ ಹೇಳಿದ್ದರು: “ನೀರಿನ ಸದ್ದು ಬಂದರೆ ಕಾಯಿ. ಗಡಗಡ ಎಂದರೆ ಕೊಬ್ಬರಿ. ಎರಡೂ ಬರದಿದ್ದರೆ ಏನು? ಮಂಡಿಯವನು ಉತ್ತರ ಹೇಳಲಿಲ್ಲ, ಕಾಫಿ ತರಿಸಿಕೊಟ್ಟ.” ಮುಂದಿನ ವಾರ ಅದೊಂದನ್ನು ಕೇಳುವುದಕ್ಕೇ ಮತ್ತೆ ಬಸ್ಸು ಹತ್ತಿದರು. ಸಾಲಗಾಮೆಯಲ್ಲಿ ಬಿತ್ತನೆ ಆಲೂಗೆಡ್ಡೆಯನ್ನು ಹೋಳು ಮಾಡಿ ಯಾಕೆ ಸ್ವಲ್ಪ ಹೊತ್ತು ಆರಲು ಬಿಡುತ್ತಾರೆಂದು ಕೇಳಿಕೊಂಡು ಬಂದ ದಿನವಂತೂ ಹಬ್ಬ. ಗಾಯ ಒಣಗಿದ ಮೇಲೆ ಮಣ್ಣಿಗೆ ಹಾಕುತ್ತಾರೆ, ಹಸಿ ಗಾಯದಲ್ಲೇ ಹಾಕಿದರೆ ಕೊಳೆಯುತ್ತದೆ, ಇದು ಗೊತ್ತಿಲ್ಲದೆ ಮೂವತ್ತು ವರ್ಷ ಹೊಲಿಗೆ ಹಾಕಿದೆನಲ್ಲ ಎಂದು ಬೀದಿಗೆಲ್ಲ ಹೇಳಿದರು.

ಮುಪ್ಪು ಬಂದಾಗ ಅದನ್ನೂ ಬಿಡಲಿಲ್ಲ. ಕಣ್ಣಿಗೆ ಪೊರೆ ಬರುತ್ತಿದೆ ಎಂದು ಡಾಕ್ಟರು ಹೇಳಿದ ದಿನ ನಾನು ಸಮಾಧಾನ ಹೇಳಲು ಹೋದರೆ ಅವರು ಬಲ್ಬಿನ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡುತ್ತಿದ್ದರು. ಬಲಗಣ್ಣಿಗೆ ದೀಪದ ಸುತ್ತ ಬಳೆ ಕಾಣುತ್ತದೆ, ಎಡಗಣ್ಣಿಗೆ ಕಾಣುವುದಿಲ್ಲ, ಯಾಕೆ? ಬೇಸರವಾಗುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ, “ಮುದುಕಿ ಆಗೋದು ನಂಗೂ ಹೊಸದು ಕಣವ್ವ. ಹಿಂದೆ ಯಾವತ್ತೂ ಆಗಿರ್ಲಿಲ್ವಲ್ಲ” ಎಂದರು.

ಇಷ್ಟು ಹೇಳಿದರೆ ದೇವತೆಯ ಹಾಗೆ ಕಾಣುತ್ತಾರೆ. ಹಾಗೇನಿಲ್ಲ. ಬೇರೆಯವರ ಮನೆ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಮುಚ್ಚಳ ತೆಗೆದು ನೋಡುವ ಪೈಕಿ. ಸಾವಿನ ಮನೆಗೆ ಬಂದರೂ ಯಾವಾಗ ಕೆಮ್ಮು ಶುರುವಾಯಿತು, ಯಾವ ಕಾಲು ಮೊದಲು ಊದಿತು ಎಂದು ವಿಚಾರಣೆ. ಇವರು ದುಃಖಕ್ಕೂ ಪ್ರಶ್ನೆಪತ್ರಿಕೆ ಕೊಡುತ್ತಾರೆ ಎಂದು ನಮ್ಮಮ್ಮ ಗೊಣಗುತ್ತಿದ್ದಳು. ನಾನೂ ಎಷ್ಟೋ ಸಂಜೆ ಅವರನ್ನು ತಪ್ಪಿಸಿಕೊಳ್ಳಲು ಹಿಂದಿನ ಓಣಿಯಿಂದ ಮನೆ ಸೇರಿದ್ದೇನೆ. ಆದರೂ ನಮ್ಮ ಮನೆಯ ಒಂದು ದೊಡ್ಡ ಕೆಲಸ ಆದದ್ದು ಅವರ ಆ ಪುಟದಿಂದಲೇ. ಅದನ್ನೇ ಹೇಳಬೇಕೆಂದು ಕುಳಿತದ್ದು.

ನನ್ನ ತಂಗಿ ವೀಣಾ ಹುಟ್ಟಿದ್ದು ಹೊಳೆನರಸೀಪುರದ ಅದೇ ಹೆರಿಗೆ ಮನೆಯಲ್ಲಿ, ಇದೇ ನರ್ಸಮ್ಮನ ಕೈಯಲ್ಲಿ. ಶ್ರಾವಣದ ಒಂದು ಶನಿವಾರ, ಸಂಜೆ ಆರು ಐವತ್ತಕ್ಕೆ. ಆ ಕಾಲಕ್ಕೆ ಊರಿನಲ್ಲಿ ಜಾತಕ ಬರೆಯುವ ಜೋಯಿಸರು ‘ನರ್ಸಮ್ಮ ಬರೆದ ಟೈಮೋ?’ ಎಂದು ಕೇಳಿ, ಹೌದೆಂದರೆ ಮರುಮಾತಿಲ್ಲದೆ ಪಂಚಾಂಗ ತೆಗೆಯುತ್ತಿದ್ದರು. ಅಷ್ಟು ನಂಬಿಕೆ. ಅವತ್ತಿನ ಪಂಚಾಂಗದ ಪ್ರಕಾರ ಮೂಲಾ ನಕ್ಷತ್ರ ಶುರುವಾಗಿ ಎಂಟು ನಿಮಿಷವಷ್ಟೇ ಆಗಿತ್ತು. ಎಂಟು ನಿಮಿಷ ಮುಂಚೆ ಹುಟ್ಟಿದ್ದರೆ ಜ್ಯೇಷ್ಠಾ.

ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗುವುದಿಲ್ಲ ಎಂಬ ಮಾತು ನಮ್ಮ ಕಡೆ ಎಷ್ಟು ಗಟ್ಟಿ ಎಂದರೆ, ಅಂಥ ಹುಡುಗಿಗೆ ಮಾವನಿಲ್ಲದ ಮನೆಯನ್ನೇ ಹುಡುಕುತ್ತಾರೆ. ಗಂಡಿನ ತಂದೆ ತೀರಿಕೊಂಡಿದ್ದಾರೆ ಎಂದು ಯಾರಾದರೂ ಹೇಳಿದರೆ ಅಮ್ಮನ ಮುಖ ಅರಳುತ್ತಿತ್ತು. ಆಮೇಲೆ ತನಗೇ ನಾಚಿಕೆಯಾಗಿ ರಾಮ ರಾಮ ಎನ್ನುತ್ತಿದ್ದಳು. ಅಪ್ಪ ಇರಲಿಲ್ಲ, ಓಡಾಟವೆಲ್ಲ ನನ್ನದು. ಏಳು ಮನೆಯವರು ಜಾತಕ ನೋಡಿ ವಾಪಸು ಕಳಿಸಿದರು. ಎಂಟನೆಯದು ಅರಕಲಗೂಡಿನ ಸಂಬಂಧ. ಹುಡುಗ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ, ಮನೆಗೆ ಹಿರಿಯ ಮಗ. ಅವನೂ ವೀಣಾಳೂ ಒಬ್ಬರಿಗೊಬ್ಬರು ಒಪ್ಪಿದ್ದರು. ವೀಣಾ ಎಂದೂ ಇಲ್ಲದ ಹಾಗೆ ಅಡುಗೆ ಮನೆಯಲ್ಲಿ ಹಾಡಿಕೊಳ್ಳತೊಡಗಿದ್ದಳು. ಆದರೆ ಹುಡುಗನ ತಂದೆ ಗಟ್ಟಿಯಾಗಿ ಬದುಕಿದ್ದರು, ಸಂಸ್ಕೃತ ಮೇಷ್ಟರಾಗಿ ನಿವೃತ್ತರಾದವರು. ಅವರಿಗೆ ಭಯವಿರಲಿಲ್ಲ, ಅವರ ಹೆಂಡತಿಗಿತ್ತು. ಆಕೆ ಆಗುವುದಿಲ್ಲವೆಂದು ಹೇಳಿ ಕಳಿಸಿದರು. ಹಾಡು ನಿಂತಿತು.

ಅದೇ ವಾರ ನರ್ಸಮ್ಮ ಮಲ್ಲಿಪಟ್ಟಣದಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋದವರು ಅಲ್ಲಿ ತಮ್ಮ ಹಳೆಯ ಆಯಾಳನ್ನು ಕಂಡಿದ್ದರು. ಹೆರಿಗೆ ಮನೆಯಲ್ಲಿ ಇವರ ಜೊತೆ ದುಡಿದವಳು, ಈಗ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ಐದು ಗಂಟೆ ಹತ್ತಿರವಾಗಿತ್ತು, ಪುಟಕ್ಕೆ ಏನೂ ಸಿಕ್ಕಿರಲಿಲ್ಲ. ಆ ಕಾಲದಲ್ಲಿ ನನಗೆ ಗೊತ್ತಿಲ್ಲದ್ದು ಏನಾದರೂ ಇದ್ದರೆ ಹೇಳು ಎಂದು ಕೇಳಿದರಂತೆ. ಆಯಾ ನಕ್ಕು ಹೇಳಿಬಿಟ್ಟಳು. ಆಗ ಅವಳ ಮನೆ ಅರಕಲಗೂಡು ದಾರಿಯ ಒಂದು ಹಳ್ಳಿಯಲ್ಲಿ. ಡ್ಯೂಟಿ ಮುಗಿಯುವುದು ಏಳಕ್ಕೆ, ಕೊನೆಯ ಬಸ್ಸು ಹೊರಡುವುದೂ ಏಳಕ್ಕೆ. ಅದಕ್ಕೆ ಮಧ್ಯಾಹ್ನ ನರ್ಸಮ್ಮ ಊಟಕ್ಕೆ ಹೋದಾಗ ಹೆರಿಗೆ ಕೋಣೆಯ ಗೋಡೆ ಗಡಿಯಾರದ ಮುಳ್ಳನ್ನು ಕಾಲು ಗಂಟೆ ಮುಂದಕ್ಕೆ ತಿರುಗಿಸುತ್ತಿದ್ದಳು. ಮಾರನೆಯ ಬೆಳಗ್ಗೆ ಬಂದು ಕಸ ಗುಡಿಸುವಾಗ ಸರಿ ಮಾಡುತ್ತಿದ್ದಳು. ವೀಣಾ ಹುಟ್ಟಿದ ವರ್ಷವೂ ಸೇರಿ ನಾಲ್ಕೈದು ವರ್ಷ ಹೀಗೇ ನಡೆದಿತ್ತು. ಡಾಕ್ಟರಮ್ಮ ಗಡಿಯಾರ ನೋಡುವವರೇ ಅಲ್ಲ, ನರ್ಸಮ್ಮ ಕೈ ತೊಳೆಯಲು ವಾಚು ಬಿಚ್ಚಿಟ್ಟಿರುತ್ತಿದ್ದರು.

ಮಾರನೆಯ ಬೆಳಗ್ಗೆ ಅವರು ನಮ್ಮ ಮನೆಗೆ ಬಂದು ನಿಂತ ಮುಖ ನನಗೆ ಮರೆತಿಲ್ಲ. ಅಷ್ಟು ಮಕ್ಕಳಿಗೆ ತಪ್ಪು ಗಳಿಗೆ ಕೊಟ್ಟೆನಲ್ಲ ಎಂದು ಒಂದೇ ಸಮ ಹೇಳುತ್ತಿದ್ದರು. ಅಮ್ಮನಿಗೆ ಆ ಸಂಕಟ ಕಿವಿಗೆ ಬೀಳಲಿಲ್ಲ, ಕಾಲು ಗಂಟೆ ಎಂಬುದು ಮಾತ್ರ ಬಿತ್ತು. ಜೋಯಿಸರ ಹತ್ತಿರ ಓಡಿದೆವು. ಆರು ಐವತ್ತರಲ್ಲಿ ಹದಿನೈದು ನಿಮಿಷ ಕಳೆದರೆ ಹುಡುಗಿ ಜ್ಯೇಷ್ಠಾ ನಕ್ಷತ್ರ, ಅದು ಗಂಡನ ಅಣ್ಣನಿಗೆ ಆಗದು, ಮಾವನಿಗೆ ಏನೂ ತೊಂದರೆ ಇಲ್ಲ ಎಂದರು. ಹುಡುಗನಿಗೆ ಅಣ್ಣನೇ ಇಲ್ಲ. ಇಷ್ಟು ಅನುಕೂಲವಾದ ದೋಷ ಯಾರಿಗೆ ಸಿಕ್ಕೀತು?

ಅಮ್ಮ ಹಾಳೆ, ಪೆನ್ನು ಹಿಡಿದು ಎದುರು ಮನೆಗೆ ಹೋದಳು, ಗಡಿಯಾರ ತಪ್ಪಿತ್ತು ಎಂದು ಬರೆದುಕೊಡಿ ಎಂದಳು. ನರ್ಸಮ್ಮ ಪೆನ್ನು ಮುಟ್ಟಲಿಲ್ಲ. ಆ ವರ್ಷಗಳಲ್ಲಿ ತಪ್ಪಿತ್ತು, ಆ ದಿನವೇ ತಪ್ಪಿತ್ತೋ ಇಲ್ಲವೋ ತಿಳಿಯದು, ಆಯಾಳನ್ನು ಕೇಳಬೇಕು ಎಂದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನಾವು ಕೇಳುತ್ತಿರುವುದು ಒಂದು ಸಾಲು ಎಂದು ಅಮ್ಮ ಅತ್ತಳು. ನನಗೂ ರೇಗಿತು. ಬರೆದುಕೊಟ್ಟರೆ ನಿಮ್ಮ ಗಂಟೇನು ಹೋಗುತ್ತೆ ಎಂದುಬಿಟ್ಟೆ. ವೀಣಾ ಒಬ್ಬಳೇ, ಹೋಗಿ ಕೇಳಿಕೊಂಡು ಬನ್ನಿ, ನಿಜ ಏನಿದೆಯೋ ಅದೇ ಇರಲಿ ಎಂದಳು.

ಭಾನುವಾರ ನಾನೂ ನರ್ಸಮ್ಮನೂ ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ಮಲ್ಲಿಪಟ್ಟಣಕ್ಕೆ ಹೋದೆವು. ವಿಷಯ ಕೇಳಿದ ಕೂಡಲೇ ಆಯಾ, ಅವತ್ತು ಮುಳ್ಳು ತಿರುಗಿಸಿದ್ದು ಚೆನ್ನಾಗಿ ನೆನಪಿದೆ, ಬೇಕಾದರೆ ದೇವರ ಮುಂದೆ ಆಣೆ ಮಾಡುತ್ತೇನೆ ಎಂದಳು. ನನಗೆ ಅಷ್ಟು ಸಾಕಾಗಿತ್ತು, ಎದ್ದೆ. ನರ್ಸಮ್ಮ ಏಳಲಿಲ್ಲ. ಊರು, ಬೆಳೆ, ಮೊಮ್ಮಕ್ಕಳು ಎಂದು ಮಾತು ಎಲ್ಲೆಲ್ಲೋ ತಿರುಗಿಸಿ, ಶ್ರಾವಣ ಶನಿವಾರದ ಉಪವಾಸ ಆಗೆಲ್ಲ ಎಲ್ಲಿ ಬಿಡುತ್ತಿದ್ದೆ ಎಂದು ಕೇಳಿದರು.

“ಊರಲ್ಲೇ ಕಣಮ್ಮಾ. ಸ್ರಾವಣ ಸನಿವಾರ ನಾನ್ಯಾವತ್ತು ಡ್ಯೂಟಿಗೆ ಬಂದಿವ್ನಿ? ಸುಕ್ರವಾರ ಸಂಜೀಕೆ ಓದ್ರೆ ಬಾನುವಾರ ಬೆಳಿಗ್ಗೇನೆ ನಾನು ತಿರುಗಾ ಬತ್ತಿದ್ದುದು” ಎಂದಳು ಆಯಾ. ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೇ ಹೊಳೆದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ವೀಣಾ ಹುಟ್ಟಿದ ದಿನ ಆಯಾ ಕೆಲಸಕ್ಕೇ ಬಂದಿರಲಿಲ್ಲ. ಗಡಿಯಾರ ಸರಿಯಾಗಿಯೇ ಇತ್ತು, ಮೂಲಾ ಮೂಲಾವೇ. ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಹಾಸನದ ಬಸ್ಸಿಗೆ ಕಾಯುತ್ತಾ ಕುಳಿತೆವು. ವೀಣಾಳಿಗೆ ಏನೆಂದು ಹೇಳುವುದು ಎಂದು ನನಗೆ ಕಣ್ಣು ತುಂಬಿ ಬರುತ್ತಿತ್ತು. ಪಕ್ಕದಲ್ಲಿ ನರ್ಸಮ್ಮ ವಾಚು ನೋಡಿಕೊಂಡು, ಐದಾಯಿತೆಂದು ಚೀಲದಿಂದ ನೋಟ್‌ಬುಕ್ ತೆಗೆದರು. ನಮ್ಮ ಮನೆ ಮುಳುಗುತ್ತಿದೆ, ಈ ಮುದುಕಿಗೆ ತನ್ನ ಪುಟದ ಚಿಂತೆ ಎಂದು ನನಗೆ ಆ ಕ್ಷಣ ಅವರ ಮೇಲೆ ಹುಟ್ಟಿದ ಸಿಟ್ಟು ಇಂದಿಗೂ ನೆನಪಿದೆ. ಅವರು ಒಂದು ಸಾಲು ಬರೆದರು, ಎರಡು ಬರೆದರು. ಮೂರನೆಯ ಸಾಲಿನ ನಡುವೆ ಕೈ ನಿಂತಿತು.

“ಮಗ, ಸುಕ್ರವಾರ ಮುಂದಕ್ಕೆ ತಿರುಗಿಸಿ ಹೋದ್ಲು. ಸನಿವಾರ ಬೆಳಿಗ್ಗೆ ಅವಳು ಬರ್ಲಿಲ್ಲ ಅಂದ್ಮೇಲೆ ಅದುನ್ನ ಹಿಂದಕ್ಕೆ ತಿರುಗಿಸಿದ್ದು ಯಾರು?”

ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ ನನಗೆ ಇದು ಹೊಳೆದಿರಲಿಲ್ಲ. ಬರೆಯದೇ ಹೋಗಿದ್ದರೆ ತಮಗೂ ಹೊಳೆಯುತ್ತಿರಲಿಲ್ಲ ಎಂದು ಆಮೇಲೆ ಅವರೇ ಹೇಳಿದರು. ತಲೆಯಲ್ಲಿ ಇದ್ದಾಗ ಸರಿ ಅನ್ನಿಸಿದ್ದು ಹಾಳೆಯ ಮೇಲೆ ಕುಂಟುತ್ತದಂತೆ. ಹಾಸನದ ಬಸ್ಸು ಬಂತು, ಹೋಯಿತು. ನಾವು ಮತ್ತೆ ಮಲ್ಲಿಪಟ್ಟಣದ ಬಸ್ಸು ಹತ್ತಿದೆವು. ಗಡಿಯಾರದ ಪೆಟ್ಟಿಗೆಯ ಕೀಲಿ ಯಾರ ಹತ್ತಿರ ಇರುತ್ತಿತ್ತು ಎಂದು ಕೇಳಿದ್ದಕ್ಕೆ ಆಯಾ ಸೊಂಟ ತಟ್ಟಿ ತೋರಿಸಿದಳು. ಬೇರೆ ಯಾರಿಗೂ ಕೊಡುತ್ತಿರಲಿಲ್ಲ, ಕೊಟ್ಟರೆ ತನ್ನ ಕಳ್ಳತನ ಬಯಲಾಗುತ್ತಿತ್ತು. ಹಾಗಾದರೆ ಆ ಶನಿವಾರವಿಡೀ ಗಡಿಯಾರ ಕಾಲು ಗಂಟೆ ಮುಂದೆಯೇ ಓಡಿತ್ತು.

ಮುಂದಿನ ವಾರ ಅಮ್ಮ, ನಾನು, ನರ್ಸಮ್ಮ ಅರಕಲಗೂಡಿನ ಬೀಗರಾಗಬೇಕಾದವರ ಮನೆಗೆ ಹೋದೆವು. ಕಾಗದ ಬರೆದುಕೊಡಲು ನರ್ಸಮ್ಮ ಆಗಲೂ ಒಪ್ಪಲಿಲ್ಲ, ಆ ದಿನದ ಪುಟವನ್ನೇ ತೆಗೆದು ಓದಿದರು. “ಆಯಾ ಶುಕ್ರವಾರ ಮುಳ್ಳು ತಿರುಗಿಸಿ ಹೋದಳು. ಶನಿವಾರ ಬರಲಿಲ್ಲ. ಕೀಲಿ ಬೇರೆಯವರಲ್ಲಿ ಇರಲಿಲ್ಲ. ಆದ್ದರಿಂದ ಮಗು ಹುಟ್ಟಿದ್ದು ಆರು ಮೂವತ್ತೈದಕ್ಕೆ ಇರಬೇಕು. ನಾನು ಕಣ್ಣಾರೆ ಕಂಡಿಲ್ಲ. ಆಯಾಳ ನೆನಪು ಬಹಳ ಹಳೆಯದು.” ಕೊನೆಯ ಎರಡು ಸಾಲು ಬಿಟ್ಟು ಓದಬಹುದಿತ್ತಲ್ಲ ಎಂದು ಅಮ್ಮ ನನ್ನ ತೊಡೆ ಚಿವುಟಿದಳು.

ಹುಡುಗನ ತಾಯಿ ಆ ಎರಡು ಸಾಲನ್ನೇ ಹಿಡಿದರು. ಆಯಾಳ ನೆನಪು ತಪ್ಪಾಗಿದ್ದರೆ?

“ತಪ್ಪಿದ್ರೂ ಇರ್ಬೋದು ಕಣವ್ವ. ಅದುಕ್ಕೇ ಅದುನ್ನೂ ಬರ್ದಿವ್ನಿ” ಎಂದರು ನರ್ಸಮ್ಮ.

ಎಂಟನೆಯ ಮನೆಯೂ ಹೋಯಿತು ಎಂದುಕೊಂಡೆ. ಆಗ ಮೇಷ್ಟರು ನಗುತ್ತಾ, ತಮಗೆ ಬಿ.ಪಿ. ಇದೆ, ಸಕ್ಕರೆ ಕಾಯಿಲೆಯೂ ಇದೆ, ನಾಳೆ ತಾವು ಹೋದರೆ ಅದು ನಕ್ಷತ್ರದಿಂದಲೋ ಜಿಲೇಬಿಯಿಂದಲೋ ಎಂದು ತಿಳಿಯುವುದು ಹೇಗೆ ಎಂದು ಕೇಳಿದರು. ಅವರು ತಮಾಷೆಗೆ ಕೇಳಿದ್ದು. ನರ್ಸಮ್ಮನಿಗೆ ಪ್ರಶ್ನೆ ಎಂದರೆ ಪ್ರಶ್ನೆಯೇ. ಸ್ವಲ್ಪ ಯೋಚಿಸಿ, “ಅದು ನೋಡ್ಬೇಕಾದ ವಿಷ್ಯವೇ ಸ್ವಾಮಿ. ವರ್ಸಕ್ಕೊಂದು ದಪ ಬಂದು ನಿಮ್ಮುನ್ನ ನೋಡಿ ಬರ್ಕತೀನಿ” ಎಂದರು.

ಹುಡುಗನ ತಾಯಿ ಮೊದಲ ಸಲ ತಲೆ ಎತ್ತಿದರು. “ಕದ್ದು ಸಿಹಿ ತಿನ್ನೋದನ್ನೂ ಬರ್ಕೋತೀರಾ?” ಎಂದು ಕೇಳಿದರು. ಎಲ್ಲವನ್ನೂ ಬರೆಯುತ್ತೇನೆ ಎಂದರು ನರ್ಸಮ್ಮ. ಆಕೆ ಒಳಗೆ ಹೋದರು, ಬರುವಾಗ ಕುಂಕುಮದ ಬಟ್ಟಲು ತಂದರು. ನನಗೆ ಅನ್ನಿಸುವುದು, ಜ್ಯೇಷ್ಠಾ ನಕ್ಷತ್ರಕ್ಕಿಂತ ಆಕೆಗೆ ಧೈರ್ಯ ಕೊಟ್ಟದ್ದು ಈ ಮಾತು. ಅಮ್ಮ ಇಂದಿಗೂ ಒಪ್ಪುವುದಿಲ್ಲ.

ಮದುವೆಯಾದ ಮೇಲೆ ನರ್ಸಮ್ಮನಿಗೆ ಹೊಸ ಕೆಲಸ ಹತ್ತಿತು. ಆ ವರ್ಷಗಳಲ್ಲಿ ಸಂಜೆ, ರಾತ್ರಿ ಹುಟ್ಟಿದ ಉಳಿದ ಮಕ್ಕಳ ಮನೆಗಳನ್ನು ನೆನಪಿದ್ದಷ್ಟು ಹುಡುಕಿ ಹೋಗಿ ತಪ್ಪೊಪ್ಪಿಕೊಂಡರು. ಕೆಲವರು ಬೈದರು. ಹೆಚ್ಚಿನವರು, ನಮ್ಮ ಮಗನ ಜಾತಕ ಚೆನ್ನಾಗಿಯೇ ಇದೆ, ದಯವಿಟ್ಟು ಕೆಡಿಸಬೇಡಿ ಎಂದು ಕಾಫಿ ಕೊಟ್ಟು ಕಳಿಸಿದರು. ಎಲ್ಲವೂ ಪುಟ ಸೇರಿತು. ಪ್ರತಿ ಶ್ರಾವಣದ ಮೊದಲ ಶನಿವಾರ ಬಿ.ಪಿ. ನೋಡುವ ಪೆಟ್ಟಿಗೆ ಹಿಡಿದು ಅರಕಲಗೂಡಿಗೆ ಹೋಗುವುದನ್ನೂ ತಪ್ಪಿಸಲಿಲ್ಲ. ಮೇಷ್ಟರನ್ನು ಎದುರು ಕೂರಿಸಿಕೊಂಡು ನಿದ್ದೆ, ಹಸಿವು, ಕಾಲು, ಕಣ್ಣು, ಒಂದೂ ಬಿಡದೆ ಕೇಳುವರು. ಅವರು ಮೊದಮೊದಲು ರೇಗಿಸುತ್ತಿದ್ದವರು, ಆಮೇಲೆ ಒಂದು ವಾರ ಮುಂಚಿನಿಂದಲೇ ಏನೇನು ಹೇಳಬೇಕೆಂದು ನೆನಪಿಟ್ಟುಕೊಳ್ಳುತ್ತಿದ್ದರು ಎಂದು ವೀಣಾ ಹೇಳುತ್ತಿದ್ದಳು. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಉತ್ತರ ಹೇಳುವರಂತೆ.

ಎಂಟು ಶ್ರಾವಣ ಹೀಗೆ ನಡೆಯಿತು. ಒಂಬತ್ತನೆಯದಕ್ಕೆ ಮುಂಚೆ ನರ್ಸಮ್ಮ ಜ್ವರ ಬಂದು ಆಸ್ಪತ್ರೆ ಸೇರಿದರು, ನಾಲ್ಕೇ ದಿನ. ಮೂರನೆಯ ಸಂಜೆ ನಾನು ಹೋದಾಗ ಐದು ಗಂಟೆ. ಕೈಗೆ ಡ್ರಿಪ್ ಹಾಕಿದ್ದರಿಂದ ನನ್ನ ಕೈಯಲ್ಲಿ ಬರೆಸಿದರು: ತಮ್ಮ ಕಾಲದಲ್ಲಿ ಗ್ಲೂಕೋಸಿನ ಗಾಜಿನ ಬಾಟಲಿಗೆ ಗಾಳಿ ಆಡಲು ಇನ್ನೊಂದು ಸೂಜಿ ಚುಚ್ಚುತ್ತಿದ್ದರು, ಈಗಿನ ಪ್ಲಾಸ್ಟಿಕ್ ಚೀಲ ತಾನೇ ಮುದುಡಿಕೊಳ್ಳುವುದರಿಂದ ಚುಚ್ಚಬೇಕಿಲ್ಲ. ಬೆಳಗ್ಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು ಎಂದು ತೃಪ್ತಿಯಿಂದ ಕಣ್ಣು ಮುಚ್ಚಿದರು. ಮಾರನೆಯ ದಿನ ಮಧ್ಯಾಹ್ನ ಹೋಗಿಬಿಟ್ಟರು. ಅವರನ್ನು ನಾನು ಇಷ್ಟು ಹಚ್ಚಿಕೊಂಡಿದ್ದೆನೆಂದು ಅವತ್ತು ಗೊತ್ತಾಯಿತು. ತಪ್ಪಿಸಿಕೊಳ್ಳಲು ಬಳಸುತ್ತಿದ್ದ ಹಿಂದಿನ ಓಣಿಯಲ್ಲಿ ಹೋಗಲು ಬಹಳ ದಿನ ಮನಸ್ಸಾಗಲಿಲ್ಲ.

ಆ ವರ್ಷದ ಶ್ರಾವಣದ ಮೊದಲ ಶನಿವಾರ ಬೆಳಗ್ಗೆ ನಮ್ಮ ಮನೆಯ ಫೋನು ಬಡಿದುಕೊಂಡಿತು. ಅರಕಲಗೂಡಿನಿಂದ ಮೇಷ್ಟರು. ಆಗ ಅವರಿಗೆ ಎಪ್ಪತ್ತೈದು ದಾಟಿತ್ತು.

“ನರ್ಸಮ್ಮ ಇಲ್ಲ ಅಂತ ಗೊತ್ತಮ್ಮ. ಆದ್ರೂ ಯಾರಾದ್ರೂ ಒಬ್ರು ಬರ್ಕೋಬೇಕಲ್ಲ. ಊಟ ಸೇರ್ತಿದೆ. ನಿದ್ದೆ ಪರವಾಗಿಲ್ಲ. ಮೆಟ್ಟಿಲು ಇಳಿಯುವಾಗ ಎಡಮಂಡಿ ನೋಯುತ್ತೆ, ಹತ್ತುವಾಗ ಇಲ್ಲ. ಜಿಲೇಬಿ ಎರಡೇ ಸಲ” ಎಂದರು. ಆಗಲಿ ಎಂದು ಹೇಳಿ ಫೋನು ಇಟ್ಟೆ.

ನನಗೆ ಬರೆಯುವ ಅಭ್ಯಾಸವಿಲ್ಲ. ಬೋರ್ಡಿನ ಮೇಲೆ ಬರೆದದ್ದನ್ನು ಒರೆಸುತ್ತಲೇ ಸರ್ವೀಸು ಮುಗಿಸಿದವಳು ನಾನು. ಆದರೂ ಒಂದು ಹಳೆಯ ನೋಟ್‌ಬುಕ್ ಹುಡುಕಿ, ಅವರು ಹೇಳಿದ್ದನ್ನು ಒಂದೊಂದೇ ಸಾಲು ಬರೆದೆ. ಊಟ, ನಿದ್ದೆ, ಎಡಮಂಡಿ. ಇಳಿಯುವಾಗ ನೋವು, ಹತ್ತುವಾಗ ಇಲ್ಲ. ಅಲ್ಲಿಗೆ ಬಂದಾಗ ಕೈ ನಿಂತಿತು. ಹತ್ತುವುದಲ್ಲವೇ ಕಷ್ಟ? ಇಳಿಯುವಾಗ ಯಾಕೆ ನೋಯಬೇಕು? ಅದೂ ಎಡಗಡೆ ಮಾತ್ರ?

ಎದ್ದು ಹೋಗಿ ಅರಕಲಗೂಡಿಗೆ ಫೋನು ಮಾಡಿದೆ.